ಖಾಲಿ ಕೊಟ್ಟಿಗೆಯ ಉಸಿರು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಹುಣಸೆಮರ, ಬಿಳಿ ಸೀರೆ ಅಂತ ಶುರು ಮಾಡಿದರೆ ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿಕೊಳ್ಳುವವಳು ನಾನು. ಆದ್ದರಿಂದ ಈಗ ಬರೆಯುತ್ತಿರುವುದನ್ನು ಯಾರೂ ಆ ಸಾಲಿಗೆ ಸೇರಿಸಬಾರದು. ಇದು ಗಾಳಿಯ ವಿಷಯ. ಕಣ್ಣಿಗೆ ಕಾಣದ, ತನ್ನದೇ ವಾಸನೆ ಎಂಬುದಿಲ್ಲದ ಒಂದು ಅನಿಲದ ವಿಷಯ. ಅದಕ್ಕೆ ಮೀಥೇನ್ ಎನ್ನುತ್ತಾರೆ. ಅದನ್ನು ಹುಡುಕಿಕೊಂಡು ಊರೂರು ತಿರುಗುವುದು ಕೆಲಕಾಲ ನನ್ನ ಉದ್ಯೋಗವಾಗಿತ್ತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳ ಮೇಲೆ ಪುಟ್ಟ ವಿಮಾನವೊಂದನ್ನು ಹಾರಿಸಿ, ಇಲ್ಲಿಂದ ಒಟ್ಟು ಎಷ್ಟು ಮೀಥೇನ್ ಮೇಲೇಳುತ್ತದೆ ಎಂದು ಅಂದಾಜು ಮಾಡುವ ಕೆಲಸ ಅದು. ಲೆಕ್ಕದ ಬುಡ ಸರಳ. ಪಡುವಣ ಗಾಳಿ ಬೀಸುವ ಕಾಲದಲ್ಲಿ ಹೊಳಲ್ಕೆರೆಯ ಅಂಚಿನಲ್ಲಿ ಗಾಳಿ ಒಳಗೆ ಬರುವಾಗ ಎಷ್ಟು ಹೊತ್ತು ತಂದಿದೆ, ಹಿರಿಯೂರು ದಾಟಿ ಹೊರಗೆ ಹೋಗುವಾಗ ಎಷ್ಟು ಹೊತ್ತು ಹೋಗುತ್ತಿದೆ ಎಂದು ನೋಡುವುದು. ನಡುವೆ ಸೇರಿಕೊಂಡದ್ದು ನಮ್ಮದು. ನಮ್ಮ ದನ, ಎಮ್ಮೆ, ಕುರಿ, ಮೇಕೆ, ನೆಲದಡಿ ಹಾದುಹೋಗಿರುವ ಗ್ಯಾಸಿನ ಪೈಪು, ಹೆದ್ದಾರಿಯ ಗ್ಯಾಸ್ ಬಂಕು, ಎಲ್ಲ ಸೇರಿ ಆದದ್ದು. ಪೈಪಿನಿಂದ ಸೋರಿದ್ದಾದರೆ ಅದರ ಜೊತೆ ಈಥೇನ್ ಎಂಬ ಇನ್ನೊಂದು ಅನಿಲವೂ ಇರುತ್ತದೆ. ದನದ ಹೊಟ್ಟೆಯಿಂದಲೋ ಸಗಣಿಯಿಂದಲೋ ಬಂದದ್ದರಲ್ಲಿ ಅದು ಇರುವುದಿಲ್ಲ. ಹೀಗೆ ಯಾರ ಪಾಲು ಎಷ್ಟು ಎಂದು ಒಂದು ಮಟ್ಟಿಗೆ ಬಿಡಿಸಬಹುದು.

ಯಂತ್ರ ಕೂರಿಸಿಕೊಂಡು ಹಾರುವವರು ದೊಡ್ಡ ಊರುಗಳಿಂದ ಬಂದವರು. ನಾನು ನೆಲದ ಮೇಲಿನವಳು. ಚಿತ್ರದುರ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ನನ್ನನ್ನು, ಇವಳಿಗೆ ಇಲ್ಲಿನ ದಾರಿ ಗೊತ್ತು, ಭಾಷೆ ಗೊತ್ತು, ಬೇಕಾದರೆ ಜಗಳವಾಡಲೂ ಗೊತ್ತು ಎಂದು ಸೇರಿಸಿಕೊಂಡಿದ್ದರು. ವಿಮಾನ ಎಲ್ಲಿ ಹೆಚ್ಚು ತೋರಿಸುತ್ತದೋ ಅಲ್ಲಿಗೆ ಕೈಯಲ್ಲಿ ಹಿಡಿಯುವ ಮೀಟರು ತೆಗೆದುಕೊಂಡು ಹೋಗಿ, ಅದು ಯಾವುದರಿಂದ ಬರುತ್ತಿದೆ ಎಂದು ಪತ್ತೆ ಮಾಡುವುದು ನನ್ನ ಪಾಲಿಗೆ ಬಂದಿತ್ತು.

ಜನಕ್ಕೆ ಇದನ್ನು ಹೇಳಿ ಒಪ್ಪಿಸುವುದರೊಳಗೆ ಸಾಕುಸಾಕಾಗುತ್ತಿತ್ತು. ತುರುವನೂರಿನ ಹತ್ತಿರ ಹೊಲದ ಬದುವಿನಲ್ಲಿ ಕೂತಿದ್ದ ಒಬ್ಬ ಹಿರಿಯರು ತಲೆಯ ಮೇಲೆ ಹೋದ ವಿಮಾನ ನೋಡಿ ನನ್ನನ್ನು ಕರೆದರು. "ಮೋಡ ಬಿತ್ತನೆ ವಿಮಾನ ಅಲ್ವೇನ್ರಮ್ಮ ಅದು? ಮಳೆ ಯಾವಾಗ ಬರ್ತೈತಂತೆ?"

"ಮಳೇದಲ್ಲ ಕಣ್ರಿ. ದನ ಮೆಲುಕು ಹಾಕುವಾಗ ತೇಗ್ತವಲ್ಲ, ಆ ಗಾಳಿ ಅಳೆಯಾಕೆ ಬಂದೈತೆ," ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇದಕ್ಕೆ ಸಂಬಳ ಕೊಡ್ತಾರೇನ್ರಿ ನಿಮಗೆ?" ಎಂದು ಕೇಳಿದರು. ಕೊಡುತ್ತಾರೆ ಎಂದ ಮೇಲೆ ಅವರು ಎದ್ದು ಟವೆಲ್ ಕೊಡವಿಕೊಂಡು ಹೊಲಕ್ಕೆ ಇಳಿದರು.

ಒಮ್ಮೆ ನನ್ನನ್ನೂ ವಿಮಾನ ಹತ್ತಿಸಿಕೊಂಡರು. ಹುಟ್ಟಿದಾಗಿನಿಂದ ಓಡಾಡಿದ ನೆಲವನ್ನು ಮೇಲಿನಿಂದ ನೋಡಿದರೆ ಖುಷಿಯಾಗಬೇಕು. ನನಗೆ ಆದದ್ದು ಹೆದರಿಕೆ. ನಡು ಮಧ್ಯಾಹ್ನ. ಹೊಸದುರ್ಗದ ಕಡೆಯ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಊರುಗಳಿದ್ದವು, ಬೀದಿಗಳಿದ್ದವು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ. ದನಗಳೂ ಕಾಣಲಿಲ್ಲ, ಬಿಸಿಲಿಗೆ ಎಲ್ಲವೂ ನೆರಳು ಹಿಡಿದಿದ್ದವು. ಆದರೆ ಮೀಥೇನ್ ತೋರಿಸುವ ಪರದೆಯ ಮೇಲಿನ ಗೆರೆ ಮಾತ್ರ ಸುಮ್ಮನಿರದೆ ಹಟ್ಟಿಗಳ ಮೇಲೆ ಬಂದಾಗ ಏರುತ್ತಿತ್ತು, ಬಯಲು ಬಂದಾಗ ಇಳಿಯುತ್ತಿತ್ತು. ಒಂದು ಜೀವವೂ ಕಣ್ಣಿಗೆ ಬೀಳದೆ ಎಲ್ಲದರ ಉಸಿರು ಮಾತ್ರ ನನ್ನ ಮುಂದೆ ಎದ್ದು ಬೀಳುತ್ತಿತ್ತು. ಮಲಗಿದವರ ಮನೆಯೊಳಗೆ ಹೇಳದೆ ಕೇಳದೆ ಬಂದು ನಿಂತ ಹಾಗೆ ಅನ್ನಿಸಿತು. ಇಳಿದ ಮೇಲೆ, ಹೊಟ್ಟೆ ತೊಳಸುತ್ತದೆ, ಇನ್ನು ಹತ್ತುವುದಿಲ್ಲ ಎಂದು ನೆಪ ಹೇಳಿದೆ.

ಆ ಹಾರಾಟದಲ್ಲಿ ಗೆರೆ ಒಂದು ಕಡೆ ಕಾರಣವಿಲ್ಲದೆ ಎದ್ದಿತ್ತು. ಹೊಳಲ್ಕೆರೆ ತಾಲ್ಲೂಕು, ರಾಮಗಿರಿಯ ಗುಡ್ಡದಿಂದ ಆಚೆ, ಕೆರೆಯ ಪಕ್ಕದ ಒಂದು ಊರು. ನಮ್ಮ ಕೈಲಿದ್ದ ಜಾನುವಾರು ಲೆಕ್ಕದ ಪ್ರಕಾರ ಅಲ್ಲಿ ಬೆರಳೆಣಿಕೆಯಷ್ಟು ದನ. ಎತ್ತುಗಳು ಹೋಗಿ ಟ್ರ್ಯಾಕ್ಟರು ಬಂದು ಬಹಳ ವರ್ಷವಾಗಿದೆ. ಪೈಪು ಆ ದಿಕ್ಕಿಗೇ ಬಂದಿಲ್ಲ, ಈಥೇನಿನ ಸುಳಿವೂ ಇಲ್ಲ. "ದನವಿಲ್ಲದ ಊರಲ್ಲಿ ದನದ ಗಾಳಿ. ಹೋಗಿ ನೋಡಿಕೊಂಡು ಬನ್ನಿ," ಎಂದು ತಂಡದ ಹಿರಿಯರು ನಗುತ್ತಾ ಹೇಳಿದರು. ನನಗೂ ನಗು ಬಂತು, ಯಾಕೆಂದರೆ ಅದು ನನ್ನ ಚಿಕ್ಕಮ್ಮನ ಊರು. ಕೆಲಸದ ಹೆಸರಲ್ಲಿ ಮಧ್ಯಾಹ್ನದ ಊಟವೂ ಆಯಿತಲ್ಲ ಎಂದುಕೊಂಡು ಹೊರಟೆ.

ಚಿಕ್ಕಮ್ಮ ಎಂದರೆ ನನ್ನ ಅವ್ವನ ತಂಗಿ. ಬಾಯಿ ಜೋರು, ಕೈ ಧಾರಾಳ. ಚಿಕ್ಕಪ್ಪ ತೀರಿಕೊಂಡ ಮೇಲೆ ತೋಟ, ಮನೆ ಎರಡನ್ನೂ ಸೊಂಟಕ್ಕೆ ಸೆರಗು ಕಟ್ಟಿ ನೋಡಿಕೊಂಡವಳು. ಮಗನಿಗೆ ಚಿತ್ರದುರ್ಗದ ಕಡೆ ಗಾಳಿಯಂತ್ರಗಳ ರಿಪೇರಿ ಕೆಲಸ, ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಮನೆಯಲ್ಲಿ ಚಿಕ್ಕಮ್ಮ, ಸೊಸೆ, ಸೊಸೆಯ ಮಡಿಲಲ್ಲಿ ಇನ್ನೂ ಕೂರಲು ಬಾರದ ಒಂದು ಹೆಣ್ಣುಕೂಸು. ಸೊಸೆ ಬರುವುದಕ್ಕೆ ಮೊದಲಿನಿಂದ ಆ ಮನೆಯಲ್ಲಿ ಒಂದು ಹಸುವಿತ್ತು. ಚಿಕ್ಕಮ್ಮ ಅದನ್ನು ಅವಳು, ಇವಳು ಎಂದೇ ಮಾತಾಡುತ್ತಿದ್ದಳು. ಹಿಂದಿನ ವರ್ಷ ಅದು ಕೊಟ್ಟಿಗೆಯಲ್ಲೇ ಸತ್ತಿತ್ತು. ತೋಟದಲ್ಲಿ ಗುಂಡಿ ತೆಗೆಸಿ, ಅರಿಸಿನ ಕುಂಕುಮ ಹಾಕಿ ಮಣ್ಣು ಮಾಡಿದ್ದಳೆಂದು ಅವ್ವ ಫೋನಿನಲ್ಲಿ ಹೇಳಿದ್ದಳು.

ಬೆಳಿಗ್ಗೆಯೇ ಕೆರೆಯ ಏರಿಯ ಮೇಲೆ ಮೀಟರು ಹಿಡಿದು ನಡೆದೆ. ನೀರಿನ ಅಂಚಿನಲ್ಲಿ ಜೊಂಡು ಕೊಳೆತು ಬಿದ್ದಿತ್ತು. ಕೆಸರಿನಿಂದ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಗಾಳಿ ಆ ಕಡೆಯಿಂದ ಬೀಸಿದಾಗಲೆಲ್ಲ ಮೀಟರಿನ ಅಂಕಿ ಏರಿತು. ವಿಮಾನದಲ್ಲಿ ಗೆರೆ ಎದ್ದದ್ದಕ್ಕೆ ಬಹುಪಾಲು ಆ ಕೆರೆಯೇ ಕಾರಣ ಎಂದು ಆಮೇಲೆ ನಮ್ಮವರು ತೀರ್ಮಾನಿಸಿದರು. ನನ್ನ ಮಟ್ಟಿಗೆ ಅಲ್ಲಿಗೆ ಕೆಲಸ ಮುಗಿದಿತ್ತು. ಮೀಟರನ್ನು ಆಫ್ ಮಾಡದೆ ಹಾಗೇ ಚೀಲಕ್ಕೆ ತುರುಕಿ ಚಿಕ್ಕಮ್ಮನ ಮನೆಗೆ ಹೋದೆ.

ಅಂಗಳಕ್ಕೆ ಕಾಲಿಡುತ್ತಿದ್ದಂತೆ ಅದು ಚೀಲದೊಳಗಿಂದ ಕೂಗತೊಡಗಿತು.

"ಬಾರೆ, ಬಾ. ಅದೇನೇ ಚೀಲದಾಗೆ ಕುಂಯ್ ಕುಂಯ್ ಅಂತೈತೆ?" ಎಂದು ಚಿಕ್ಕಮ್ಮ ಜಗಲಿಯಿಂದ ಎದ್ದಳು.

"ದನ ಇದ್ದ ಕಡೆ ಹಿಂಗೆ ಕೂಗ್ತೈತೆ ಚಿಕ್ಕಮ್ಮ. ಕೆರೆ ಗಾಳಿ ಹೊಡೆದಿರ್ಬೇಕು. ನಿಮ್ಮನ್ಯಾಗೆ ದನ ಎಲ್ಲೈತೆ?"

"ಐತಲ್ಲ, ಒಂದು."

ತಮಾಷೆ ಎಂದುಕೊಂಡು ಅವಳ ಮುಖ ನೋಡಿದೆ. ಮುಖದಲ್ಲಿ ತಮಾಷೆ ಇರಲಿಲ್ಲ. "ಅವಳು ಹೋದ ವರ್ಷಾನೇ ತೀರ್ಕಂಡ್ಲಲ್ಲ?" ಎಂದೆ.

"ತೀರ್ಕಂಡ್ರೆ? ದಿನಾ ಸಂಜೆ ಕೊಟ್ಟಿಗ್ಯಾಗೆ ದೀಪ ಇಡ್ತೀನಿ. ದೀಪ ಇಟ್ಟ ಮ್ಯಾಲೆ ಹಸ ಐತೆ ಅಂತ್ಲೇ ಲೆಕ್ಕ. ದನ ಎಣಿಸಾಕೆ ಬಂದೋರಿಗೂ ಹಂಗೇ ಬರೆಸೀನಿ, ಒಂದು ಅಂತ."

ಕೊಟ್ಟಿಗೆಯಲ್ಲಿ ಸಂಜೆ ದೀಪ ಇಡುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸವೇ. ದನ ಹೋದ ಮೇಲೂ ಕೊಟ್ಟಿಗೆ ಕತ್ತಲಾಗಬಾರದೆಂದು ಇನ್ನೊಂದು ದನ ಬರುವ ತನಕ ಇಡುವವರಿದ್ದಾರೆ. ಚಿಕ್ಕಮ್ಮ ಇನ್ನೊಂದನ್ನು ತರಲೇ ಇಲ್ಲ, ದೀಪವನ್ನೂ ಬಿಡಲಿಲ್ಲ. ಸತ್ತ ಹಸುವನ್ನು ಸರ್ಕಾರದ ಲೆಕ್ಕಕ್ಕೆ ಬರೆಸಿ ಕೂತಿದ್ದಾಳೆ. ಒಂದು ಹಸು ಹೆಚ್ಚಾದರೆ ನಾಲ್ಕು ತಾಲ್ಲೂಕಿನ ಮೊತ್ತಕ್ಕೆ ಏನೂ ಆಗುವುದಿಲ್ಲ, ನಿಜ. ಆದರೂ ನನಗೆ ರೇಗಿತು. ನಾವು ಆಕಾಶದಲ್ಲಿ ಒದ್ದಾಡಿ ಅಳೆದದ್ದನ್ನು ಇಂಥವರ ಬಾಯಿಮಾತಿನ ಜೊತೆ ತಾಳೆ ನೋಡಬೇಕಲ್ಲ ಎಂದು. ಹಾಗೆಂದು ಬಾಯಿ ಬಿಟ್ಟು ಹೇಳಲು ನನಗೆ ಅವಕಾಶವಿರಲಿಲ್ಲ, ಯಾಕೆಂದರೆ ಅಷ್ಟು ಹೊತ್ತೂ ಮೀಟರು ಚಿಕ್ಕಮ್ಮನ ಪರವಾಗಿ ಕೂಗುತ್ತಲೇ ಇತ್ತು.

"ನೋಡು, ನಿನ್ ಮಿಷನ್ನಿಗೆ ಗೊತ್ತಾತು, ನಿನಗೆ ಗೊತ್ತಾಗ್ಲಿಲ್ಲ," ಎಂದು ಅವಳು ನಕ್ಕಳು. "ಈಗ ಅದರ ಬಾಯಿ ಮುಚ್ಚಿಸು. ಕೂಸು ಮಲಗೈತೆ."

ಮುಚ್ಚಿಸಿದೆ. ಸೊಸೆ ತಟ್ಟೆ ಇಟ್ಟಳು. ಮುದ್ದೆ, ಹುರುಳಿಕಾಳಿನ ಸಾರು, ಮೇಲೊಂದು ಹಸಿ ಈರುಳ್ಳಿ. ಸೊಸೆ ಮಾತು ಕಡಿಮೆಯ ಹುಡುಗಿ. ಹಿರಿಯೂರಿನ ಕಡೆಯವಳು, ಬಂದು ಎರಡು ವರ್ಷವಾಗಿರಲಿಲ್ಲ. "ಇನ್ನೊಂಚೂರು ಹಾಕಿಸ್ಕಳ್ರಿ ಅಕ್ಕ," ಎನ್ನುವುದು ಬಿಟ್ಟು ಬೇರೆ ಏನನ್ನೂ ಆಡಲಿಲ್ಲ.

ಊಟವಾದ ಮೇಲೆ ಚಿಕ್ಕಮ್ಮ ನನ್ನ ಕೈ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಅದು ನಾನು ಕಂಡಿದ್ದ ಕೊಟ್ಟಿಗೆಯಾಗಿರಲಿಲ್ಲ. ಹಿಂದೆ ಹಂಚಿನ ಸಂದುಗಳಿಂದ ಬಿಸಿಲು ಬೀಳುತ್ತಿದ್ದ ಜಾಗ. ಈಗ ಮಗ ಹಂಚು ತೆಗೆಸಿ ಶೀಟು ಹೊದಿಸಿದ್ದ. ಗೋಡೆಯ ಬಿರುಕು, ಮಾಡಿನ ಕೆಳಗಿನ ಸಂದು, ಎಲ್ಲಕ್ಕೂ ಸಿಮೆಂಟು ಮೆತ್ತಿಸಿದ್ದ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆಸಿದ್ದ. ಹಿತ್ತಲ ಕಡೆಗೆ ಕೊಟ್ಟಿಗೆಯನ್ನು ಒಂದಷ್ಟು ಬೆಳೆಸಿ, ನೆಲಕ್ಕೆ ಕಡಪ ಕಲ್ಲು ಹಾಸಿಸಿದ್ದ. ಹಸು ಮೇವು ತಿನ್ನುತ್ತಿದ್ದ ಗೋದಲಿ ಮಾತ್ರ ಮೂಲೆಯಲ್ಲಿ ಹಾಗೇ ಇತ್ತು, ಅದರ ಅಂಚಿನಲ್ಲಿ ಎಣ್ಣೆಯ ಕಲೆ. ನಡು ತೊಲೆಗೆ ಸೀರೆಯ ಜೋಲಿ ಕಟ್ಟಿತ್ತು. ಜೋಲಿಯಲ್ಲಿ ಕೂಸು ಮಲಗಿತ್ತು.

"ಮನೆಯೊಳಗೆ ಹಾಕಿದ್ರೆ ಕಿಟಾರನೆ ಕಿರುಚ್ತಾಳೆ. ಇಲ್ಲಿ ತಂದು ಹಾಕಿದ್ರೆ ಒಂದ್ ಗಳಿಗೆ, ಮಲಗಿಬಿಡ್ತಾಳೆ," ಎಂದಳು ಚಿಕ್ಕಮ್ಮ, ದನಿ ತಗ್ಗಿಸಿ. "ಯಾಕೆ ಅಂದ್ಕಂಡೆ? ಕೇಳಿಲ್ಲಿ. ಬಾಯಿ ಮುಚ್ಕಂಡು ಕೇಳು."

ಕೇಳಿದೆ. ಮೊದಲು ಏನೂ ಇಲ್ಲ. ಆಮೇಲೆ, ಎಲ್ಲಿಂದಲೋ, ಒಂದು ನಿಟ್ಟುಸಿರು. ಉದ್ದನೆಯದು, ಭಾರವಾದದ್ದು, ಮೂಗಿನ ಹೊಳ್ಳೆಯಿಂದ ಬಿಟ್ಟಂಥದ್ದು. ಅದು ಮುಗಿದ ಮೇಲೆ ಸ್ವಲ್ಪ ಮೌನ. ಬಳಿಕ ಗಂಟಲಿನಲ್ಲಿ ಏನೋ ಮೇಲೆ ಬಂದ ಹಾಗೆ ಗುಳುಕ್ ಎಂಬ ಸದ್ದು, ಮತ್ತೆ ಮೆಲ್ಲಗೆ, ತಡೆತಡೆದು, ಇನ್ನಷ್ಟು. ದನ ಸಾಕಿದ ಮನೆಯಲ್ಲಿ ಬೆಳೆದವಳು ನಾನು. ಮೆಲುಕು ಹಾಕುವ ಸದ್ದು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಖಾಲಿ ಕೊಟ್ಟಿಗೆಯಲ್ಲಿ, ಹಾಡಹಗಲಲ್ಲಿ, ನನ್ನ ಕಾಲ ಹತ್ತಿರ ಒಂದು ಹಸು ಮೆಲುಕು ಹಾಕುತ್ತಿತ್ತು.

"ಊರೋರೆಲ್ಲ ಬಂದು ಕೇಳ್ಕಂಡು ಹೋಗ್ಯಾರೆ," ಎಂದಳು ಚಿಕ್ಕಮ್ಮ. "ಕಲ್ಲಿನ ಮ್ಯಾಲೆ ಕೈ ಇಡು ಬೇಕಾದ್ರೆ."

ಇಡಲಿಲ್ಲ. ಕಪ್ಪೆಯಿರಬೇಕು, ಬಚ್ಚಲ ನೀರಿನ ಸದ್ದಿರಬೇಕು ಎಂದೆ. ನನ್ನ ದನಿ ನನಗೇ ನಂಬಿಕೆ ಹುಟ್ಟಿಸುವಂತಿರಲಿಲ್ಲ. ಹೊರಗೆ ಬಂದಾಗ ತಲೆ ಭಾರವಾಗಿತ್ತು. ಮುದ್ದೆ ಹೆಚ್ಚಾಯಿತು ಎಂದುಕೊಂಡು ಜಗಲಿಯ ಮೇಲೆ ಕಾಲು ಚಾಚಿದೆ.

ಸಂಜೆಯ ಬಸ್ಸಿಗೆ ಹೋಗುತ್ತೇನೆಂದರೆ ಚಿಕ್ಕಮ್ಮ ಬಿಡಲಿಲ್ಲ. "ದೀಪ ಇಡಾದು ನೋಡ್ಕಂಡು ಹೋಗು. ದೀಪ ಇಟ್ರೆ ಅವಳು ಹತ್ರ ಬರ್ತಾಳೆ," ಎಂದಳು. ಹಾಳಾಗಲಿ, ನೋಡಿಯೇ ಹೋಗೋಣ ಎನ್ನುವ ಹಟ ನನಗೂ ಹತ್ತಿತು. ಸೊಳ್ಳೆ ಬರುವ ಹೊತ್ತಾಯಿತೆಂದು ಕೊಟ್ಟಿಗೆಯ ಬಾಗಿಲು ಮುಚ್ಚಿದ್ದರು. ನಡುವೆ ಒಮ್ಮೆ ಎದ್ದು ಹಾಲು ಕುಡಿದಿದ್ದ ಕೂಸನ್ನು ಮತ್ತೆ ಅಲ್ಲೇ ಜೋಲಿಯಲ್ಲಿ ಮಲಗಿಸಿ ಬಹಳ ಹೊತ್ತಾಗಿತ್ತು.

ಹೊತ್ತು ಮುಳುಗುವಾಗ ಚಿಕ್ಕಮ್ಮ ದೇವರ ಗೂಡಿನಲ್ಲಿ ಹಣತೆ ಹಚ್ಚಿಕೊಂಡು, ಸೆರಗು ಮರೆ ಮಾಡಿ ಕೊಟ್ಟಿಗೆಗೆ ನಡೆದಳು. ನಾನು ಹಿಂದೆ. ಒಳಗೆ ಹೋದವಳೇ ಸೊಳ್ಳೆ ಬಂದಾವು ಎಂದು ಬಾಗಿಲು ಎಳೆದುಕೊಂಡಳು. ಒಳಗಿನ ಗಾಳಿ ಮಂದವಾಗಿತ್ತು. ಹಳೆಯ ಕೊಟ್ಟಿಗೆಯ ವಾಸನೆ, ಸಗಣಿಯದು, ಗಂಜಲದ್ದು, ಹಸು ಹೋಗಿ ಅಷ್ಟು ದಿನವಾದರೂ ಹೋಗದ ವಾಸನೆ. ಅವಳು ಬಗ್ಗಿ ಹಣತೆಯನ್ನು ಗೋದಲಿಯ ಅಂಚಿಗೆ ಇಟ್ಟಳು. ದೀಪದ ಕುಡಿ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಯಾರೋ ಮೇಲಿನಿಂದ ಎಳೆದ ಹಾಗೆ ನಿಧಾನವಾಗಿ ಉದ್ದವಾಯಿತು.

"ನೋಡು, ಬಂದ್ಲು," ಎಂದಳು ಚಿಕ್ಕಮ್ಮ.

ನಾನು ಕುಡಿಯ ತುದಿಯನ್ನು ನೋಡುತ್ತಿದ್ದೆ. ಹಳದಿ ಬೆಳಕು ಮುಗಿಯುವ ಕಡೆ, ಅದರ ಸುತ್ತ, ತೆಳುವಾದ ಒಂದು ನೀಲಿ ಟೋಪಿ ನಿಂತಿತ್ತು. ಕತ್ತಲಲ್ಲಿ ಮಾತ್ರ ಕಾಣುವಷ್ಟು ತೆಳುವಾದದ್ದು. ಹಿಂದಿನ ಕಾಲದಲ್ಲಿ ಗಣಿಗಳ ಒಳಗೆ ದೀಪ ಹಿಡಿದುಕೊಂಡು ಹೋಗುತ್ತಿದ್ದವರು ಕುಡಿಯ ಮೇಲೆ ಈ ನೀಲಿ ಕಂಡರೆ ಅಲ್ಲಿಂದ ಓಡುತ್ತಿದ್ದರು. ಅನಿಲ ತುಂಬಿದೆ, ಇನ್ನಷ್ಟು ಸೇರಿದರೆ ಎಲ್ಲವೂ ಒಮ್ಮೆಲೇ ಹತ್ತಿಕೊಳ್ಳುತ್ತದೆ ಎಂಬುದರ ಗುರುತು ಅದು. ಇದನ್ನು ನಾನು ಕಾಲೇಜಿನ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಕಣ್ಣಾರೆ ಕಂಡಿರಲಿಲ್ಲ.

ಆಗ ಒಂದೊಂದೇ ತಲೆಗೆ ಬಂತು. ಈ ಮನೆಯ ಹಿತ್ತಲಲ್ಲಿ, ನಾನು ಚಿಕ್ಕವಳಿದ್ದಾಗ, ನೆಲದೊಳಗೆ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ್ದರು. ಹಸುವಿನ ಸಗಣಿ ಕಲಸಿ ಬಿಡುತ್ತಿದ್ದರು, ಪಾಯಖಾನೆಯ ಪೈಪನ್ನೂ ಅದಕ್ಕೇ ಕೊಟ್ಟಿದ್ದರು, ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಸಿಲಿಂಡರು ಬಂದ ಮೇಲೆ ಒಲೆಯ ಪೈಪು ಕಿತ್ತರು. ಗುಂಡಿಯನ್ನು ಮರೆತರು. ಗುಂಡಿ ಮಾತ್ರ ತನ್ನ ಕೆಲಸ ಮರೆಯಲಿಲ್ಲ. ಬೆಳೆಸಿದ ಕೊಟ್ಟಿಗೆ ಅದರ ಬಾಯಿಯ ಮೇಲೇ ಕೂತಿತ್ತು. ಗುಂಡಿಯ ಗಾಳಿ ಮೊದಲು ಹಿತ್ತಲ ಬಯಲಿಗೆ ಹೋಗುತ್ತಿತ್ತು. ಈಗ ಕಲ್ಲಿನ ಸಂದುಗಳಿಂದ ಕೊಟ್ಟಿಗೆಯೊಳಗೆ ಬಂದದ್ದಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಮೀಥೇನ್ ಗಾಳಿಗಿಂತ ಹಗುರ. ಅದು ಮೇಲೇರಿ ಶೀಟಿನ ಕೆಳಗೆ ಕೂಡುತ್ತದೆ, ತುಂಬುತ್ತಾ ತುಂಬುತ್ತಾ ಕೆಳಗೆ ಇಳಿಯುತ್ತದೆ. ದೀಪ ಕೆಳಗೆ ಗೋದಲಿಯಲ್ಲಿ ಇರುತ್ತಿದ್ದುದರಿಂದ ಇಷ್ಟು ದಿನ ಉಳಿದಿದ್ದರು. ಕೂಸು ಇದ್ದದ್ದು ಮೇಲೆ, ಜೋಲಿಯಲ್ಲಿ, ಉಸಿರಾಡುವ ಗಾಳಿ ಕಡಿಮೆಯಾಗುತ್ತಾ ಹೋಗುವ ಕಡೆ.

"ಬಾ, ಹೆಂಗ್ ಮಲಗ್ಯಾಳೆ ನೋಡು. ಮಕ ನೋಡು," ಎಂದು ಚಿಕ್ಕಮ್ಮ ಹಣತೆಯನ್ನು ಕೈಗೆ ತೆಗೆದುಕೊಂಡು ಜೋಲಿಯ ಕಡೆ ಎತ್ತಿದಳು.

ಅವಳ ಕೈ ಮೇಲೇರಿದ ಹಾಗೆ ಆ ನೀಲಿಯೂ ಬೆಳೆಯಿತು. ಹೇಳಲು ಹೊತ್ತಿರಲಿಲ್ಲ. ಕೈ ಚಾಚಿ ಎರಡು ಬೆರಳಲ್ಲಿ ಬತ್ತಿಯನ್ನು ಹಿಸುಕಿಬಿಟ್ಟೆ. ಬಿಸಿ ಎಣ್ಣೆ ಮಣಿಕಟ್ಟಿನ ಮೇಲೆ ಹರಿಯಿತು. ಕತ್ತಲಾಯಿತು. ಆ ಕತ್ತಲಲ್ಲಿ ನೆಲದಿಂದ ಮತ್ತೊಮ್ಮೆ ಆ ನಿಟ್ಟುಸಿರು ಬಂತು.

"ದೀಪ ಕೆಡಿಸಿದ್ಯಲ್ಲೇ," ಎಂದಳು ಚಿಕ್ಕಮ್ಮ. ಸಿಟ್ಟಿನಿಂದಲ್ಲ. ಏನಾಯಿತೆಂದು ತಿಳಿಯದವರ ದನಿ ಅದು.

ಬಾಗಿಲು ಒದ್ದು ತೆರೆದೆ. ಜೋಲಿಗೆ ಕೈ ಹಾಕಿ ಕೂಸನ್ನು ಎಳೆದುಕೊಂಡೆ. ಸದ್ದು ಕೇಳಿ ಓಡಿಬಂದ ಸೊಸೆ ಗೋಡೆಯ ಮೇಲಿನ ಸ್ವಿಚ್ಚಿಗೆ ಕೈ ಚಾಚಿದ್ದಳು. "ಮುಟ್ಬ್ಯಾಡ, ಲೈಟ್ ಹಾಕ್ಬ್ಯಾಡ," ಎಂದೆ. ಮೂವರೂ ಅಂಗಳಕ್ಕೆ ಬಂದೆವು. ಅಂಗಳದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಕೂಸಿನ ತಲೆ ನನ್ನ ತೋಳಿನಿಂದ ಹಿಂದಕ್ಕೆ ಜಾರಿತು. ಒದ್ದೆ ಬಟ್ಟೆಯನ್ನು ಎತ್ತಿಕೊಂಡ ಹಾಗಿತ್ತು. ಕರೆದರೆ ಏಳಲಿಲ್ಲ, ಅಲುಗಿಸಿದರೂ ಏಳಲಿಲ್ಲ. ಸೊಸೆ ನನ್ನ ಕೈಯಿಂದ ಕಿತ್ತುಕೊಂಡು ಅಂಗಾಲು ಉಜ್ಜಿದಳು, ಬೆನ್ನು ಉಜ್ಜಿದಳು, ಮುಖಕ್ಕೆ ನೀರು ಚಿಮುಕಿಸಿದಳು. ಎಷ್ಟು ಹೊತ್ತು ಎಂದು ಹೇಳಲಾರೆ. ಅಷ್ಟೂ ಹೊತ್ತು ಬೀದಿಯಲ್ಲಿ ಯಾರೋ ಟಿವಿ ನೋಡುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ಕೂಸು ಒಮ್ಮೆ ಉಸಿರು ಎಳೆದುಕೊಂಡಿತು, ಕೆಮ್ಮಿತು, ಅತ್ತಿತು.

ಪಕ್ಕದ ಮನೆಯವರ ಆಟೋದಲ್ಲಿ ಹೊಳಲ್ಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಕ್ಸಿಜನ್ ಕೊಟ್ಟು, ಆ ರಾತ್ರಿ ಅಲ್ಲೇ ಇರಿಸಿಕೊಂಡು, ತೊಂದರೆಯಿಲ್ಲ ಎಂದು ಕಳಿಸಿದರು. ನನ್ನ ಎರಡು ಬೆರಳಿಗೆ ಮುಲಾಮು ಹಚ್ಚಿದರು.

ಮರುದಿನ ಮಗ ಬಂದ. ಗೋಬರ್ ಗ್ಯಾಸ್ ಕಟ್ಟುವ ಮೇಸ್ತ್ರಿಯೊಬ್ಬರನ್ನು ಹುಡುಕಿ ಕರೆತಂದ. ಶೀಟು ಬಿಚ್ಚಿಸಿ, ಒಂದು ದಿನವೆಲ್ಲ ಗಾಳಿಯಾಡಲು ಬಿಟ್ಟು, ಆಮೇಲೆ ಕಡಪ ಕಲ್ಲುಗಳನ್ನು ಎಬ್ಬಿಸಿದರು. ಕೆಳಗೆ ಕರಿ ರಾಡಿ ಮೆಲ್ಲಗೆ ಉಬ್ಬುತ್ತಿತ್ತು, ಉಬ್ಬಿ ಒಡೆದಾಗ ನಿಟ್ಟುಸಿರು, ಕೂಡಿಕೊಂಡಾಗ ಗುಳುಕ್. ಬಿಸಿಲಲ್ಲಿ ನಿಂತು ನೋಡಿದರೂ ಅದು ಹಸುವಿನ ಸದ್ದೇ ಆಗಿತ್ತು. ಎಲ್ಲ ಬಳಿದು ಹೊರಗೆ ಹಾಕಿ, ಪಾಯಖಾನೆಯ ಪೈಪನ್ನು ಬೇರೆ ಗುಂಡಿಗೆ ತಿರುಗಿಸಿ, ಹಳೆಯದಕ್ಕೆ ಮಣ್ಣು ತುಂಬಿದರು. ಕೊಟ್ಟಿಗೆ ಸದ್ದಡಗಿತು.

ಚಿಕ್ಕಮ್ಮ ಅಷ್ಟು ಹೊತ್ತೂ ಆ ಕಡೆಗೆ ಬೆನ್ನು ಮಾಡಿ ಅಂಗಳದಲ್ಲಿ ಕೂತಿದ್ದಳು. ನಾನು ಹತ್ತಿರ ಹೋದಾಗ ತಲೆ ಎತ್ತದೆ ಕೇಳಿದಳು. "ಇಷ್ಟ್ ದಿನ ಅವಳೇ ಕೂಸಿನ್ನ ಕೊಲ್ಲಾಕೆ ನೋಡ್ತಿದ್ಲು ಅಂತೀಯಾ?"

"ಅವಳಲ್ಲ ಚಿಕ್ಕಮ್ಮ. ಗುಂಡಿ ಅದು."

"ಗುಂಡಿಗೆ ಬಿದ್ದಿದ್ದು ಯಾರ ಸಗಣಿ? ಅವಳದೇ ಅಲ್ವಾ?"

ಎಷ್ಟೊಂದು ವಿವರಿಸಬಹುದಿತ್ತು. ಹಸು ಹೋದ ಮೇಲೆ ಗುಂಡಿಯನ್ನು ಜೀವಂತ ಇಟ್ಟಿದ್ದು ಪಾಯಖಾನೆ ಎನ್ನಬಹುದಿತ್ತು. ಅವಳು ಪ್ರೀತಿಯಿಂದ ಸಾಕಿದ್ದು, ಪ್ರೀತಿಯಿಂದ ಮಣ್ಣು ಮಾಡಿದ್ದು, ಪ್ರೀತಿಯಿಂದ ದೀಪ ಇಟ್ಟದ್ದು, ಎಲ್ಲ ಸೇರಿ ಮೊಮ್ಮಗಳ ಮೂಗಿನ ಹತ್ತಿರ ಬಂದು ನಿಂತಿತ್ತು. ಅದನ್ನು ಬಯಲು ಮಾಡಿದವಳು ನಾನು. ಅಂದಿನಿಂದ ಚಿಕ್ಕಮ್ಮ ನನ್ನ ಜೊತೆ ಮಾತು ಬಿಟ್ಟಳು. ಅವ್ವನಿಗೆ ಫೋನ್ ಮಾಡಿ, ಅವಳು ನಮ್ಮನೆ ದೀಪ ಕೈಯಾರೆ ಕೆಡಿಸಿ ಹೋದ್ಲು ಎಂದಳಂತೆ. ನನಗೆ ಸಿಟ್ಟು ಬಂತು, ಅಳುವೂ ಬಂತು.

ಮುಂದಿನ ಸುತ್ತಿನ ಹಾರಾಟಕ್ಕೆ ಮತ್ತೆ ಆ ಕೆರೆಯ ಹತ್ತಿರ ಹೋಗಬೇಕಾಯಿತು. ವಿಮಾನ ನೆತ್ತಿಯ ಮೇಲೆ ಹಾದುಹೋಗುವಾಗ ಕೆರೆಯ ಏರಿಯಲ್ಲಿ ನಿಂತು ಗಾಳಿಯ ದಿಕ್ಕು ನೋಡುವ ಕೆಲಸ. ಮುಗಿದ ಮೇಲೆ ನೇರ ಬಸ್ಸು ಹಿಡಿಯೋಣ ಎಂದುಕೊಂಡವಳ ಕಾಲು ತಾನಾಗಿ ಚಿಕ್ಕಮ್ಮನ ಬೀದಿಗೆ ತಿರುಗಿತು. ಬೀದಿಯ ತುದಿಗೇ ಕೂಸಿನ ಅಳು ಕೇಳುತ್ತಿತ್ತು.

ಸೊಸೆ ಜಗಲಿಯ ಮೇಲೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. "ಬರ್ರಿ ಅಕ್ಕ, ಕುಂತ್ಕಳ್ರಿ," ಎಂದಳು. ಚಿಕ್ಕಮ್ಮ ಒಳಗೆ, ಹೊಸಿಲಿನ ಹತ್ತಿರ, ಮೊರದಲ್ಲಿ ಏನೋ ಕೇರುತ್ತಿದ್ದಳು. ನನ್ನನ್ನು ನೋಡಿಯೂ ನೋಡದ ಹಾಗೆ ಮಾಡಿದಳು.

"ಹಿಂಗೇ ಅಳ್ತಾಳಾ ದಿನಾ?" ಎಂದೆ.

"ದಿನಾನೂ. ಬೆಳಿಗ್ಗೆ ಶುರು ಹಚ್ಕಂಡ್ರೆ ನಿಲ್ಸೋದೇ ಇಲ್ಲ. ಊರೋರು ಬೈತಾರೆ, ಹಸಾನ ಓಡಿಸಿದ್ರಿ, ಕೂಸಿನ ನಿದ್ದೆ ಹೋತು ಅಂತ." ಅವಳು ಕೂಸಿನ ಹಣೆಯ ಬೆವರು ಒರೆಸಿದಳು. ಆಮೇಲೆ ಕೇಳದೆಯೇ ಹೇಳತೊಡಗಿದಳು. "ಅಲ್ಲಿ ಮಲಗ್ಸಿದಾಗ ನಾನು ದಿನಾ ಹೋಗಿ ಮೂಗಿನತ್ರ ಬೆರಳಿಡ್ತಿದ್ದೆ ಅಕ್ಕ. ಉಸಿರು ಐತಾ ಅಂತ. ಅತ್ತೆ ತೋಟಕ್ಕೆ ಹೋಗಾದು ಕಾದ್ಕಂಡಿದ್ದು ಹೋಗ್ತಿದ್ದೆ. ಒಂದಿನ ಬೆರಳಿಗೆ ಏನೂ ತಾಗ್ಲಿಲ್ಲ. ಕಾಲು ಚಿವುಟಿದೆ. ಏಳಲಿಲ್ಲ. ಇನ್ನೂ ಜೋರಾಗಿ, ರಕ್ತ ಬರೋ ಹಂಗೆ ಚಿವುಟಿದೆ. ಆಮ್ಯಾಲೆ ಉಸಿರು ಎಳ್ಕಂತು."

ಒಳಗೆ ಮೊರದ ಸದ್ದು ನಿಂತಿತು.

"ಯಾರಿಗೂ ಹೇಳ್ಲಿಲ್ವಾ?" ಎಂದೆ.

"ಯಾರಿಗೆ ಹೇಳ್ಲಿ? ಹಸ ಮಲಗಿಸ್ತೈತೆ ಅಂತ ಎಲ್ರೂ ಕೈ ಮುಗಿದು ಹೋಗ್ತಿದ್ರು. ನನ್ ಕೂಸು ಮಲಗ್ತಿಲ್ಲ, ಸಾಯ್ತೈತೆ ಅಂತ ನಾನು ಹೆಂಗ್ ಹೇಳ್ಲಿ?"

ಚಿಕ್ಕಮ್ಮ ಹೊಸಿಲು ದಾಟಿ ಬಂದಳು. ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು. ಕೂಸಿನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಮೀನಖಂಡ, ಹಿಮ್ಮಡಿ, ತೊಡೆ ಎಲ್ಲ ತಿರುಗಿಸಿ ನೋಡಿದಳು. ಕಲೆ ಎಂದೋ ಮಾಸಿರಬೇಕು, ಏನೂ ಕಾಣಲಿಲ್ಲ. ಆದರೂ ಹುಡುಕುತ್ತಲೇ ಇದ್ದಳು.

"ನಂಗೆ ಹೇಳಾಕೆ ಅಷ್ಟ್ ಹೆದರಿಕೆನೇನೆ ನಿಂಗೆ?" ಎಂದು ಸೊಸೆಯನ್ನು ಕೇಳಿದಳು.

ಸೊಸೆ ತಲೆ ತಗ್ಗಿಸಿದಳು. ಚಿಕ್ಕಮ್ಮ ಕೂಸಿನ ಪಾದವನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಳು. ಅದು ಕಾಲು ಝಾಡಿಸಿ, ಮುಖ ಕೆಂಪು ಮಾಡಿಕೊಂಡು, ಗಂಟಲು ಹರಿಯುವ ಹಾಗೆ ಅಳುತ್ತಿತ್ತು. ನಾವು ಮೂವರು ಹೆಂಗಸರು ಅಲ್ಲಿದ್ದೆವು. ಯಾರೊಬ್ಬರೂ ಅದನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅಳುವಿನ ನಡುವೆ ಅದು ಎಳೆದುಕೊಳ್ಳುವ ಒಂದೊಂದು ಉಸಿರನ್ನೂ ಕೂತು ಕೇಳುತ್ತಿದ್ದೆವು.